ಕುದುರೆಗೆ ಕಿವಿ

ಕುಂಬಳಬೀಜದಷ್ಟು ಒಂದು ಲೋಹದ ಬಿಲ್ಲೆ,
ಅದಕ್ಕೆ ಇಲಿಬಾಲದಂಥ ತಂತಿ.
ಇಷ್ಟಕ್ಕೆ ಮೂರು ಸಾವಿರ ಕ್ರೌನ್ ಎಂದ ಓಲ್ದ್ರಿಖ್.
ಅನ್ನುವಾಗ ನನ್ನ ಮುಖ ನೋಡಲಿಲ್ಲ,
ಬಾಸಿನ ಮುಖ ನೋಡಿದ.

ಬೇಡ ಬೇಡವೆಂದೇ ಹತ್ತು ವರ್ಷ ದೂಡಿದ್ದೆ.
ಪಿಟೀಲಿನ ಝ್ದೆನೇಕ್ ಮೈಕು ಕಟ್ಟಿಕೊಂಡ,
ಚಿಂಬಾಲಿನ ಹೊಟ್ಟೆಯೊಳಗೆ ಎರಡು ಮೈಕು,
ಕ್ಲಾರಿನೆಟ್ಟಿಗೆ ಮೊದಲಿಂದಲೂ ನಾಚಿಕೆಯಿಲ್ಲ.
ಮೊರಾವಾ ದಂಡೆಯ ಮದುವೆಗಳಲ್ಲಿ ನಾನು
ನೆಲಮಾಳಿಗೆಯಲ್ಲಿ ಯಾರೋ ಪೀಪಾಯಿ ಉರುಳಿಸಿದ ಹಾಗೆ,
ಕೇಳಿಸಿಯೂ ಕೇಳಿಸದೆ.
‘ಮಾವ, ನಿನ್ನೆ ನೀನೂ ನುಡಿಸ್ತಿದ್ದೆಯಾ?’
ಅಂದಳು ಬೋಹುಮಿಲಾ. ಚುಚ್ಚಲಿಕ್ಕಲ್ಲ, ಪಾಪ,
ನಿಜವಾಗಿಯೇ ಕೇಳಿದಳು.

ಬಾಸನ್ನು ಕಂಬಳಿಯ ಮೇಲೆ ಮಲಗಿಸಿದ,
ದನದ ಡಾಕ್ಟರಂತೆ ಪಕ್ಕೆ ತಟ್ಟಿದ.
‘ಒಂದೊಂದೇ ತಂತಿ ಸಡಿಲಿಸು ಮಾರಾಯ,
ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ ಒಳಗಿನ ಕಡ್ಡಿ ಬಿದ್ದೀತು.’
ಆ ಕಡ್ಡಿಗೆ ನಮ್ಮಲ್ಲಿ ಆತ್ಮ ಅಂತ ಹೆಸರು.
ಅಂಟಿಲ್ಲ, ಮೊಳೆಯಿಲ್ಲ,
ಮೇಲಿನ ಭಾರಕ್ಕೇ ನಿಂತಿರುತ್ತೆ.
ಒಮ್ಮೆ ಪಾದ್ರಿಗೆ ಹೇಳಿದೆ. ನಗಲಿಲ್ಲ.

ತಂತಿಗಳ ಕೆಳಗಿನ ಮೇಪಲ್ ಹಲಗೆಗೆ ಹೆಣ್ಣುಕುದುರೆ ಅಂತ ಹೆಸರು.
ಎರಡೇ ಕಾಲು. ಸೊಂಟವಿದೆ,
ನಡುವೆ ಹೃದಯದಾಕಾರದ ತೂತಿದೆ,
ಪಕ್ಕಗಳಲ್ಲಿ ರೆಕ್ಕೆ; ಹಾರಿದ್ದು ಕಂಡವರಿಲ್ಲ.
ನಾಲ್ಕು ತಂತಿ ಹೊತ್ತು ನಲವತ್ತೊಂದು ವರ್ಷ
ನಿಂತಲ್ಲೇ ಓಡಿದೆ.

ರೆಕ್ಕೆಯ ಸಂದಿಗೆ ಬಿಲ್ಲೆ ಒತ್ತಿದ. ಸಡಿಲ.
ಚಕ್ಕೆಯೊಂದನ್ನು ಉಜ್ಜಿದ, ಉಜ್ಜಿದ,
ತುಟಿಯ ನಡುವೆ ಇಟ್ಟು ದಪ್ಪ ನೋಡಿದ.
ಬೆರಳು ಸುಳ್ಳು ಹೇಳುತ್ತೆ, ತುಟಿ ಹೇಳಲ್ಲ ಎಂದ.
ಬಿಗಿಯಾದರೆ ಮೂಗಿನಲ್ಲಿ ಮಾತಾಡುತ್ತೆ,
ಸಡಿಲಾದರೆ ಹಲ್ಲು ಕಡಿಯುತ್ತೆ.
ಮೂರನೆಯ ಚಕ್ಕೆ
ಹಳೇ ಕದದ ಅಗುಳಿಯ ಹಾಗೆ ಕೂತಿತು.
ಕುದುರೆಗೆ ಕಿವಿ ಬಂತು.

ಸ್ಪೀಕರಿಗೆ ಚುಚ್ಚಿದ. ನಾನಿನ್ನೂ ತಂತಿ ಮುಟ್ಟಿಲ್ಲ.
ಮೊದಲು ಕೇಳಿಸಿದ್ದು ನನ್ನ ಕೋಟಿನ ಗುಂಡಿ.
ಆಮೇಲೆ ಕೈಗಡಿಯಾರ.
ಆಮೇಲೆ ಬೆಳಗ್ಗೆ ತಿಂದ ಎಲೆಕೋಸು,
ಹೊಟ್ಟೆಯಿಂದ ಹೊರಟು ಅಂಗಡಿಗೆಲ್ಲ ಗುಡುಗು.
ಓಲ್ದ್ರಿಖ್ ನಕ್ಕ; ಅದೂ ಕೇಳಿಸಿತು, ಮರದೊಳಗಿಂದ.

ಮೊದಲ ಸ್ವರ, ದಪ್ಪ ತಂತಿ, ಬೆರಳಿಲ್ಲದೆ.
ಗೋಡೆಯ ಗರಗಸಗಳೆಲ್ಲ ಹೂಂಗುಟ್ಟಿದವು.
ಎರಡನೆಯದು ಎಡಗೈ ಬೆರಳೊತ್ತಿ.
ಸ್ವರದ ಅಂಚಿನಲ್ಲಿ ಏನೋ ಕರಕರ.
ಮತ್ತೆ ಒತ್ತಿದೆ. ಮತ್ತೆ ಅದೇ.
ಚಕ್ಕೆ ಸಡಿಲವಿರಬೇಕು ಎಂದೆ.
ಬಗ್ಗಿ ಚಕ್ಕೆ ನೋಡಿದ, ತಂತಿ ನೋಡಿದ,
ಆಮೇಲೆ ನನ್ನ ಉಂಗುರದ ಬೆರಳು ನೋಡಿದ.
ಏನೂ ಅನ್ನಲಿಲ್ಲ.
ಪೊರಕೆ ತಗೊಂಡು ಮರದ ಹೊಟ್ಟು ಗುಡಿಸತೊಡಗಿದ.

ನಡುಗುತ್ತಿತ್ತು.
ಎಷ್ಟು ದಿನದಿಂದಲೋ.
ಕುಡಿದವರ ಕೇಕೆ, ಕುಣಿಯುವ ಬೂಟುಗಳು,
ಝ್ದೆನೇಕನ ಜಂಭ, ಎಲ್ಲ ಸೇರಿ
ನನ್ನ ಬೆರಳನ್ನು ಮುಚ್ಚಿಟ್ಟಿದ್ದವು,
ಮನೆಮಂದಿ ಸೇರಿ ಒಬ್ಬನ ಕಳ್ಳತನ ಮುಚ್ಚಿಡುವಂತೆ.
ಕುದುರೆಗೆ ಮಾತ್ರ ಗೊತ್ತಿತ್ತು,
ಅದರ ಬೆನ್ನ ಮೇಲೇ ಅಲ್ಲವೇ ಎಲ್ಲ.
ಕಿವಿ ಅಂದುಕೊಂಡು, ನೋಡಿ,
ಮೂರು ಸಾವಿರಕ್ಕೆ ಬಾಯಿ ಕೊಡಿಸಿದ್ದೆ.

‘ಕೀಳಲಾ?’ ಎಂದ ಓಲ್ದ್ರಿಖ್, ಪೊರಕೆ ಬಿಡದೆ.
‘ದುಡ್ಡು ವಾಪಸು.’
ಉತ್ತರ ಹೇಳುವ ಮೊದಲು ಇನ್ನೊಂದು ಸಲ ಒತ್ತಿದೆ,
ಬೇಕೆಂದೇ, ನಿಧಾನ.
ಮೊದಲು ಕರಕರ, ಹಿಂದೆಯೇ ಸ್ವರ:
ಒಣಹುಲ್ಲು ತುಳಿಯುತ್ತ ಬಂದು
ಕತ್ತಲ ಬಾಗಿಲಲ್ಲಿ ನಿಂತ ಪ್ರಾಣಿಯ ಹಾಗೆ,
ಬಿಸಿ ಉಸಿರು ಸಮೇತ.

ಶನಿವಾರ ಮದುವೆ.
ವಾಲ್ಯೂಮು ಎರಡಕ್ಕಿಟ್ಟೆ; ಹತ್ತಿದೆ ಅದರಲ್ಲಿ.
ಬೋಹುಮಿಲಾ ಕುಣಿಯುತ್ತಿದ್ದವಳು
ಹೆಜ್ಜೆ ತಪ್ಪಿ ನನ್ನತ್ತ ತಿರುಗಿದಳು.

ಎರಡೂವರೆಗೆ ತಿರುಗಿಸಿದೆ.