ಎಡಕ್ಕೆ ಎಷ್ಟು ಮನೆ

ಮೊದಲ ಸುಳಿವು ಸಲೀಸು: ಬೆಂಚಿನ ಮೇಲೆ ಕೆತ್ತಿದ
ಹೆಸರಿನ ಅಕ್ಷರ ಎಣಿಸು. ಒಂಬತ್ತು.
ಎರಡನೆಯದಕ್ಕೆ ತಿರುವಿನವರೆಗಿನ ಹಲಗೆಗಳು;
ಪುಕೇಕೊ ಹಕ್ಕಿಯೊಂದು ಕೆಂಪು ಕಾಲೆತ್ತಿ ಅಡ್ಡ ನಿಂತು
ನಮ್ಮ ಲೆಕ್ಕವನ್ನು ಎರಡು ಸಲ ತಪ್ಪಿಸಿತು.

ಮೂರನೆಯದು: "ಎಡಕ್ಕೆ ಎಷ್ಟು ಮನೆ?"

ಎಡಕ್ಕೆ ಜೊಂಡು. ಜೊಂಡಿನಾಚೆ ನೀರು.
ನೀರಿನಾಚೆ ಕ್ರೈಸ್ಟ್‌ಚರ್ಚಿನ ಬಸ್ಸುಗಳ ಸದ್ದು.
ಭೂಕಂಪಕ್ಕೆ ಕುಸಿದು ಜೌಗಾದ ಬಡಾವಣೆ;
ಮನೆಗಳನ್ನು ಕೆಡವಿ ಹೊತ್ತೊಯ್ದಾಗ
ಟವೀಟ ಹುಟ್ಟಿರಲಿಲ್ಲ.
ಸೊನ್ನೆ ಎಂದು ಬರೆದ. ಫೋನಿನ ಬಾಣ
ನೇರ ನೀರಿನ ನಡುವಿಗೆ ತೋರಿಸಿತು,
ಅಲ್ಲೊಂದು ಕರಿಹಂಸ, ತನಗೇನೂ ಗೊತ್ತಿಲ್ಲವೆಂಬಂತೆ.

"ಮೋಸ ಇದು, ನೊಲೀನ್," ಅಂದ. ಹುಲ್ಲಿಗೆ ಒದ್ದ.
ಒದ್ದ ಕಾಲಿಗೆ ಕಲ್ಲು ಸಿಕ್ಕಿತು.

ರಸ್ತೆಯಂಚಿನ ಕಲ್ಲು, ಹುಲ್ಲು ನುಂಗಿದ್ದು.
ಬೂಟು ಕಳಚಿ ಅದರ ಮೇಲೆ ನಡೆದ,
ಕೈ ಚಾಚಿ, ದೊಂಬರ ಹುಡುಗನಂತೆ.
ಒಂದು ಕಡೆ ಕಲ್ಲು ತಗ್ಗಿತು, ಮತ್ತೆ ಎದ್ದಿತು.
"ಇಲ್ಲಿ ಕಾರು ಇಳೀತಿತ್ತು. ಇಲ್ಲಿ ಗೇಟು."
ಅಂಗಾಲಿನಲ್ಲೇ ಎಣಿಸಿದ ಇಡೀ ಬೀದಿಯನ್ನು:
ಏಳು ತಗ್ಗು.

ಏಳು ಹಾಕಿದರೆ ಬಾಣ ತಿರುಗಿ ನಿಂತದ್ದು
ಒಂದು ನಿಂಬೆಗಿಡಕ್ಕೆ. ಯಾರ ಹಿತ್ತಿಲದೋ,
ಇನ್ನೂ ಹಣ್ಣು ಬಿಡುತ್ತಿದೆ.
ಕವಲಿನಲ್ಲಿ ಬಿಸ್ಕತ್ತಿನ ಡಬ್ಬಿ. ಒಳಗೆ
ಸಹಿಪುಸ್ತಕ, ಎರಡು ಗೋಲಿ, ಹಿತ್ತಾಳೆಯ ಬೀಗದಕೈ,
ಒಂದು ಚೀಟಿ: ಏನಾದರೂ ಒಯ್ಯಿರಿ, ಏನಾದರೂ ಇಡಿ.
ನಲವತ್ತು ಸಹಿಗಳಿದ್ದವು.
ಬೀಗದಕೈಯನ್ನು ಯಾರೂ ಒಯ್ದಿರಲಿಲ್ಲ.

ಟವೀಟ ಒಂದು ಗೋಲಿ ತೆಗೆದು ತನ್ನ ರಬ್ಬರು ಇಟ್ಟ.
ಬೇಲಿಯೇ ಇಲ್ಲದ ಬಯಲು,
ಎಲ್ಲಿಂದ ಹಾದರೂ ಆಗುತ್ತಿತ್ತು;
ಅವನು ಬಳಸಿಕೊಂಡು ಹೋಗಿ
ಏಳನೆಯ ತಗ್ಗಿನಲ್ಲೇ ರಸ್ತೆಗಿಳಿದ.