ಗೇಣು ಬಿಟ್ಟ ಗ್ವಾಡಿ

ಲಾಡ್ಲೇಸಾಬ ಅಂತಾನ:
ಮೊದಲ ಗಿಲಾವ, ಆಮ್ಯಾಲ ಪತ್ರಾಸ.
ಪತ್ರಾಸ ಏರಿದ ಮ್ಯಾಲ ನಾ ಎಲ್ಲಿ ಕಾಲಿಡ್ಲಿ,
ಗಮೇಲ ಎಲ್ಲಿ ಇಡ್ಲಿ?
ಹೊಸಾ ಹಾಳಿ ಮ್ಯಾಲ ಸಿಮಿಟ ಸಿಡಿದ್ರ
ಬೈಗಳ ಮಾತ್ರ ನನಗ.

ಬಾಳು ಘೋಡಕೆ ಫೋನಿನ್ಯಾಗ, ಅರ್ಧ ಮರಾಠ್ಯಾಗ:
ಆಧೀ ಪತ್ರಾ, ಬಾಯಿ.
ಎರಡ ಬಟ್ಟ ಅಂಚು ಗ್ವಾಡಿಯೊಳಗ ಹೋಗಬೇಕು.
ಹಸೀ ಗಿಲಾವ ನಾ ಕಡದ್ರ
ಅಂವಾ ನನ್ನ ಕಡೀತಾನ.

ಇಬ್ಬರದೂ ಖರೇ.
ಇಬ್ಬರ ಪಗಾರನೂ ನಂದೇ.
ಅಂವ ಬಂದ ದಿನ ಇಂವ ದುಧನಿ ಬಜಾರದಾಗ,
ಇಂವ ಬಂದ ದಿನ ಅಂವನ ಗಾಡಿ ಪಂಚರ್.
ಮೈಂದರ್ಗಿಯ ಈ ಓಣ್ಯಾಗ ಎಂಟ ದಿನದಿಂದ
ನನ್ನ ಮನಿ ಅಂದ್ರ
ಅರ್ಧಾ ಹೊಲಿದ ಜಂಪರ,
ತೋಳಿಲ್ಲ, ಗುಂಡಿ ಇಲ್ಲ.

ಮಷಿನ್ ಮುಂದ ಕುಂತು ಜಕ್ಕವ್ವನ ಮಗಳ
ಪರಕಾರಕ್ಕ ಅಸ್ತರ ಹಚ್ಚಾಕತ್ತಿದ್ದೆ.
ಅಸ್ತರ ಮೊದಲೋ ಅರಿವಿ ಮೊದಲೋ
ಯಾವ ಹುಡುಗಿನೂ ಕೇಳಿಲ್ಲ ನನ್ನ.
ಎರಡೂ ಕೂಡೋ ಕಡೆ ಒಂದ ಬಟ್ಟ ಬಿಟ್ಟು ಹೊಲೀತೀನಿ,
ಕಡೀಕ ಮಡಚಿ ಒಳಗ ಹಾಕ್ತೀನಿ.
ಅಷ್ಟ.

ಸೂಜಿ ಅಲ್ಲೇ ಚುಚ್ಚಿಟ್ಟು ಹೊರಗ ಬಂದೆ.
ಅರಿವಿ ಮ್ಯಾಲ ಗೀಟ ಹಾಕೋ ನೀಲಿ ಖಡು ಕೈಯಾಗಿತ್ತು.
ಸ್ಟೂಲ ಏರಿ, ಪತ್ರಾಸ ಕೂಡೋ ಕಡಿಂದ
ಒಂದ ಗೇಣ ಕೆಳಗ,
ಈ ಮೂಲಿಯಿಂದ ಆ ಮೂಲಿತನಕ ಎಳದೆ.
ಇಲ್ಲೀತನಕ ಈಗ ಮಾಡು, ಲಾಡ್ಲೇಸಾಬ.
ಮ್ಯಾಗಿಂದು ಬಾಳು ಬಂದು ಹೋದ ಮ್ಯಾಲ.

ಅಂವಾ ಗೀಟ ನೋಡಿದ, ನನ್ನ ನೋಡಿದ,
ತೊಳದ ಕರಣಿನೇ ಮತ್ತ ತೊಳದ.
ಒಂದ ಗೇಣಿಗಂತ ನಾ ತಿರುಗಿ ಬರಬೇಕೇನ?
ಬರಬೇಕು. ಚಾ ಕುಡ್ಯಾಕರ ಬಾ.

ಬಾಳು ಬಂದ. ಏರಿಸಿದ. ಅಂಚ ತುರುಕಿದ.
ಒಂದ ಹಾಳಿ ಉದ್ದಾತಂತ ಕತ್ತರಿಸಿ
ತುಂಡ ನನ್ನ ಕೈಯಾಗ ಕೊಟ್ಟ, ಕೋಳಿ ಗೂಡಿಗೆ.
ಕತ್ತರಿ ಹಿಡಿಯೋ ರೀತಿ ಮಾತ್ರ ಬರೋಬ್ಬರಿ ಇತ್ತು.

ಲಾಡ್ಲೇಸಾಬ ಇನ್ನೂ ಬಂದಿಲ್ಲ.
ಕೆಳಗ ಬೂದಿಬಣ್ಣದ ಗಿಲಾವ, ಮ್ಯಾಲ ಮಿಂಚೋ ಪತ್ರಾಸ,
ನಡುವ ಒಂದ ಗೇಣ ಕೆಂಪ ಇಟ್ಟಂಗಿ,
ಕುಬಸಾ ಸೀರಿ ನಡುವ ಕಾಣೋ ಹೊಟ್ಟಿ ಹಂಗ.
ನೀರಿಗೆ ಹೋಗೋರು ನಗ್ತಾರ.
ಟೇಲರಬಾಯಿ ಮನೀಗೇ ಅಳತಿ ತಪ್ಪೇತಿ ಅಂತಾರ.

ಮಿರಗ ಕೂಡಾಕ ಇನ್ನ ಹನ್ನೊಂದ ದಿನ.
ದಿನಾ ಮುಂಜಾನಿ ಹಸೀ ಗಿಲಾವಕ್ಕ ನೀರ ಹೊಡೀತೀನಿ,
ತಂಬಿಗಿ ಬಾಗಿಸಿ, ಮೆಲ್ಲಕ,
ನೀಲಿ ಗೀಟಿಗೆ ಒಂದ ಹನಿ ತಾಗದಂಗ.