ತೂಕ

ಅರಸೀಕೆರೆ ಮಂಡಿಯ ಮೂರನೇ ಸಾಲಲ್ಲಿ
ಮೂವತ್ತೊಂದು ವರ್ಷ ಕೊಬ್ಬರಿ ಚೀಲ ಹೊತ್ತೆ.
ಮಗಳಿಗೆ ಹೇಳಿದ್ದು ಒಂದೇ ಮಾತು:
ಏನಾದರೂ ಓದು ತಾಯಿ,
ಈ ತಕ್ಕಡಿ ಸಾವಾಸ ಮಾತ್ರ ಬೇಡ.

ಎಂದು ಕೇಳಿದ್ದಾಳೆ ನನ್ನ ಮಾತು?
ಓದಿ ಓದಿ
ತಕ್ಕಡಿ ಪರೀಕ್ಷಿಸುವ ಇನ್ಸ್‌ಪೆಕ್ಟರೇ ಆದಳು.

ಮೊನ್ನೆ ಜೀಪಿಳಿದು ಬಂದಾಗ
ಸಾವ್ಕಾರರು ಕುರ್ಚಿ ಒರೆಸಿದರು, ಎಳನೀರು ತರಿಸಿದರು.
ಅವಳು ಕೂರಲಿಲ್ಲ.
'ಇಪ್ಪತ್ತು ಕೆಜಿ ಬಟ್ಟು ಇಡಿ' ಅಂದಳು
ಗೋಡೆಗೆ ಹೇಳಿದ ಹಾಗೆ.
ಇಡುವವನು ನಾನೇ.
ಬಾಯಿಗೆ ಬಂದದ್ದು: 'ಇಟ್ಟೆ ಮೇಡಂ.'

ಓಬಳಯ್ಯ ಕಿಸಕ್ಕೆಂದ.
ಅವಳ ಕಿವಿ ಕೆಂಪಗಾದವು, ಥೇಟು ಅವಳಮ್ಮನವು.
ಕಾಟಾದಲ್ಲಿ ಮುನ್ನೂರು ಗ್ರಾಂ ಮೋಸ.
ಅದೇ ಕಾಟಾಕ್ಕೆ ಇಷ್ಟು ವರ್ಷ
ರೈತರ ಚೀಲ ಎತ್ತಿ ಎತ್ತಿ ಇಟ್ಟವನು.
ಗೊತ್ತಿತ್ತಾ ಅಪ್ಪ, ಅಂತ ಅವಳು ಕೇಳಲಿಲ್ಲ.
ಸೀಲು ಒತ್ತಿ ಹೊರಟಳು.

ರಾತ್ರಿ ಮುದ್ದೆ ಮುರಿಯುತ್ತ
ನಾನೇ ಅಂದೆ: 'ಗೊತ್ತಿತ್ತು.'
ಅವಳು ತಲೆ ಎತ್ತಲಿಲ್ಲ.
ಸಾರು ಬಡಿಸಿದಳು, ಒಂದು ಸೌಟು ಹೆಚ್ಚಿಗೆ.

ಇವತ್ತು ಮಂಡಿಗೆ ಹೋಗಿಲ್ಲ, ಕರೆಯಲೂ ಇಲ್ಲ.
ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕಾಯಿ ಮಾರುವವನು
'ಆಯಮ್ಮ ನಿಮ್ಮ ಮಗಳಂತೆ?' ಅಂದ.
ಹೌದು ಅಂದೆ.
ಇನ್ನೊಂದು ಸಲ ಕೇಳಲಿ ಅಂತ
ಅಲ್ಲೇ ನಿಂತೆ.